ಬಿರುಕು ಬಿಟ್ಟ ಕಟ್ಟಡ ಕೆಡವಬೇಕಾ? ಕೆಂಪು ಚೀಟಿಯ ಹಿಂದಿನ ಕಥೆ

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಆಮೇಲೆ ಒಂದಿಷ್ಟು ದಿನ ಕಾರವಾರದಲ್ಲಿ ಎಲ್ಲರೂ ಎಂಜಿನಿಯರ್‌ಗಳೇ. ಕೋಡಿಬಾಗದ ಚಹಾ ಅಂಗಡಿಯಲ್ಲಿ ಪಿಲ್ಲರ್, ಬೀಮ್ ಬಿಟ್ಟು ಬೇರೆ ಮಾತಿಲ್ಲ. ನಾನಿರುವ ಅಪಾರ್ಟ್‌ಮೆಂಟಿನಲ್ಲೂ ಯಾರೋ ಪಾರ್ಕಿಂಗ್ ಜಾಗದ ಪಿಲ್ಲರ್ ತೋರಿಸಿ, "ಇದನ್ನ ಕೆಡವಿ ಹೊಸದಾಗಿ ಕಟ್ಟೋದೇ ಒಳ್ಳೇದಲ್ವಾ?" ಅಂದರು. ಮೂಲೆಯಲ್ಲಿ ಅಂಗೈಯಗಲ ಕಾಂಕ್ರೀಟ್ ಉದುರಿ ಒಳಗಿನ ಕಂಬಿ ಕಾಣುತ್ತಿತ್ತು. ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಕಂಬಿ ಸುತ್ತಲಿನ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ಕಡಲ ದಂಡೆಯವರಿಗೆ ಇದೇನು ಹೊಸದಲ್ಲ.

ಕೆಡವಬೇಕಾ, ರಿಪೇರಿ ಸಾಕಾ ಅನ್ನೋ ಪ್ರಶ್ನೆ ಒಂದು ಕಟ್ಟಡಕ್ಕೆ ಬಂದರೆ ಸೊಸೈಟಿ ಮೀಟಿಂಗಿನಲ್ಲಿ ಜಗಳ ಆಗಿ ಮುಗಿಯುತ್ತದೆ. ಅದೇ ಪ್ರಶ್ನೆ ಒಂದೇ ಬೆಳಿಗ್ಗೆ ಇಡೀ ಊರಿಗೆ ಬಂದರೆ? ಭೂಕಂಪ ಆದಾಗ ಆಗುವುದು ಅದೇ.

ನಮಗ್ಯಾಕೆ ಆ ಚಿಂತೆ ಅನ್ನಬೇಡಿ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕಂಪಿಸಿದ ಕೊಯ್ನಾ ಇರುವುದೂ ಇದೇ ಸಹ್ಯಾದ್ರಿಯಲ್ಲಿ, ಇಲ್ಲಿಂದ ಸುಮಾರು 300 ಕಿ.ಮೀ. ಉತ್ತರಕ್ಕೆ. 2002ರ ಭೂಕಂಪ ನಕ್ಷೆಯಲ್ಲಿ ಕಾರವಾರ 3ನೇ ವಲಯದಲ್ಲಿದೆ. ಅಂದರೆ ಸಾಧಾರಣ ಅಪಾಯದ ಜಾಗ.

ಹಿಂದೆಲ್ಲ ಭೂಕಂಪದಲ್ಲಿ ಬಿದ್ದದ್ದು ಬಿತ್ತು, ನಿಂತದ್ದು ನಿಂತಿತು. ಉಳಿದದ್ದನ್ನು ಮನೆಯವರೇ ನೋಡಿಕೊಳ್ಳುತ್ತಿದ್ದರು. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಭೂಕಂಪದ ನಂತರ ಕಟ್ಟಡ ಪರೀಕ್ಷಿಸಿ ಅದಕ್ಕೆ ಮೂರರಲ್ಲಿ ಒಂದು ಬಣ್ಣದ ಚೀಟಿ ಅಂಟಿಸುವ ಪದ್ಧತಿ ಬಂತು. ಹಸಿರು ಇದ್ದರೆ ಒಳಗೆ ಹೋಗಬಹುದು. ಹಳದಿ ಇದ್ದರೆ ಹುಷಾರಾಗಿ, ಇಷ್ಟೇ ಜಾಗಕ್ಕೆ. ಕೆಂಪು ಇದ್ದರೆ ಕಾಲಿಡುವ ಹಾಗಿಲ್ಲ. ಪರೀಕ್ಷಕರು ಒಂದು ಕಟ್ಟಡಕ್ಕೆ ಕೊಡುವುದು ಅರ್ಧ ಗಂಟೆಗಿಂತ ಕಡಿಮೆ. ಕಟ್ಟಡ ವಾಲಿದೆಯಾ, ಕೆಳಗಿನ ಪಿಲ್ಲರ್‌ಗಳು ಸೀಳಿವೆಯಾ, ಎರಡು ಕಿಟಕಿಗಳ ನಡುವಿನ ಗೋಡೆಯಲ್ಲಿ ಗುಣಾಕಾರ ಚಿಹ್ನೆಯಂಥ ಅಡ್ಡಡ್ಡ ಬಿರುಕು ಇದೆಯಾ ಅಂತ ನೋಡುತ್ತಾರೆ. ಬರೀ ಗಿಲಾವಿನ ಬಿರುಕಾದರೆ ಭಯವಿಲ್ಲ. ಪಿಲ್ಲರ್ ಮತ್ತು ಬೀಮ್ ಕೂಡುವ ಕಡೆ ಬಿರುಕಿದ್ದರೆ ಮಾತು ಬೇರೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಕೆಂಪು ಚೀಟಿ ಅಂದರೆ "ಇವತ್ತು ಒಳಗೆ ಹೋಗಬೇಡಿ" ಅಂತಷ್ಟೇ. "ಕೆಡವಿ" ಅಂತ ಅದರಲ್ಲಿ ಎಲ್ಲೂ ಇಲ್ಲ. ಮುಂದಿನ ಗೋಜಲು ಹುಟ್ಟಿದ್ದು ಇವೆರಡೂ ಒಂದೇ ಅಂದುಕೊಂಡಿದ್ದರಿಂದ.

ನಮ್ಮ ದೇಶದಲ್ಲಿ ಈ ಕಥೆಯ ದೊಡ್ಡ ಅಧ್ಯಾಯ ಗುಜರಾತಿನ ಭುಜ್ ಭೂಕಂಪ. 2001ರ ಜನವರಿ 26ರ ಬೆಳಿಗ್ಗೆ 8.46. ಕಛ್‌ನ ಅಂಜಾರ್‌ನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳ ಮೇಲೆ ಓಣಿಯ ಎರಡೂ ಬದಿಯ ಮನೆಗಳು ಬಿದ್ದವು. ಒಟ್ಟು ಸತ್ತವರು ಸುಮಾರು 20,000. ಸುಮಾರು 3.4 ಲಕ್ಷ ಮನೆ ನಾಶ. ಇನ್ನೂರು ಕಿ.ಮೀ.ಗಿಂತ ದೂರದ ಅಹಮದಾಬಾದಿನಲ್ಲೂ ಕಟ್ಟಡಗಳು ಕುಸಿದವು. ಅಲ್ಲಿ ಜಾಸ್ತಿ ಬಿದ್ದದ್ದು ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ಮನೆ ಕಟ್ಟಿದ ಅಪಾರ್ಟ್‌ಮೆಂಟುಗಳು. ಮೇಲೆಲ್ಲ ಗೋಡೆಗಳ ಬಿಗಿ, ಕೆಳಗೆ ಬರೀ ಪಿಲ್ಲರ್. ನಾಲ್ಕು ಕೋಲಿನ ಮೇಲೆ ಕಪಾಟು ಇಟ್ಟ ಹಾಗೆ. (ನಮ್ಮ ಅಪಾರ್ಟ್‌ಮೆಂಟೂ ಅದೇ ಥರದ್ದು. ಕಾರವಾರದಲ್ಲಿ ಈಚೆಗೆ ಎದ್ದದ್ದರಲ್ಲಿ ಎಷ್ಟು ಹಾಗಿವೆ ಅಂತ ಸುಮ್ನೆ ಒಂದು ಸುತ್ತು ಹಾಕಿ ನೋಡಿ.)

ಕಛ್‌ನಲ್ಲಿ ಮನೆಗಳನ್ನು ಜಿ-1ರಿಂದ ಜಿ-5ರವರೆಗೆ ದರ್ಜೆ ಹಾಕಿದರು. ಜಿ-1 ಅಂದರೆ ಕೂದಲೆಳೆ ಬಿರುಕು, ಜಿ-5 ಅಂದರೆ ಪೂರ್ತಿ ಹೋಯಿತು. ಪರಿಹಾರದ ದುಡ್ಡು ದರ್ಜೆಯ ಮೇಲೆ. ಜಿ-5 ಆದರೆ ಹೊಸ ಮನೆಗೆ ದುಡ್ಡು, ಕೆಳಗಿನ ದರ್ಜೆಯಾದರೆ ರಿಪೇರಿಗಷ್ಟೇ. ಆಮೇಲೆ ಏನಾಗಬಹುದು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ನೆರೆಯಲ್ಲಿ ಕಾಳಿ, ಗಂಗಾವಳಿ ದಂಡೆಯ ಮನೆಗಳಿಗೆ ಎ, ಬಿ, ಸಿ ಅಂತ ವರ್ಗ ಹಾಕಿದ್ದು ನೆನಪಿದೆಯಲ್ಲ. ಅರ್ಧ ನಿಂತ ಗೋಡೆ ಆಗ ಆಸ್ತಿಯಲ್ಲ, ಅಡ್ಡಿ. ಅದು ಬಿದ್ದಿದ್ದರೇ ಲೆಕ್ಕ ಸಲೀಸು. ಕಛ್‌ನಲ್ಲೂ ಮರುಸರ್ವೆ ಮಾಡಿ ಅಂತ ಅರ್ಜಿಗಳು ಬಂದವು.

ಭುಜ್‌ನ ಕೋಟೆಯೊಳಗಿನ ಹಳೇ ಊರಿನ ಪಾಡು ಇನ್ನೂ ಕಷ್ಟದ್ದು. ಓಣಿಗಳು ಎಷ್ಟು ಕಿರಿದು ಅಂದರೆ ಹಿಟಾಚಿ ನುಗ್ಗಲು ಜಾಗವಿಲ್ಲ. ಮುಂದಿನ ಮನೆ ತೆಗೆಯದೆ ಹಿಂದಿನದರ ಮಣ್ಣು ಎತ್ತುವ ಹಾಗಿಲ್ಲ. ಹೊಸ ನಗರ ನಕ್ಷೆ ಆಗುವವರೆಗೆ ಒಳಗೆ ಮನೆ ಕಟ್ಟಲು ಬಿಡಲಿಲ್ಲ. ಜನ ತಾತ್ಕಾಲಿಕ ಶೆಡ್‌ಗಳಲ್ಲಿ ಕಾದರು. ನಕ್ಷೆ ಬಂದಾಗ ರಸ್ತೆ ಅಗಲವಾಯಿತು, ದೊಡ್ಡ ನಿವೇಶನಗಳು ಒಂದಿಷ್ಟು ಜಾಗ ಕಳಕೊಂಡವು. ಬೇಕಾದ ಕೆಲಸವೇ, ಅಂಜಾರ್‌ನ ಓಣಿ ನೆನೆದರೆ ಬೇಡ ಅನ್ನೋಕಾಗುತ್ತಾ? ಆದರೆ ಬಾಡಿಗೆಗೆ ಇದ್ದವರ ಹೆಸರು ನಿವೇಶನದ ದಾಖಲೆಯಲ್ಲಿರಲಿಲ್ಲ. ಕಟ್ಟಡ ಕೆಡವಿದ ದಿನ ಅವರ ವಿಳಾಸವೂ ಮಣ್ಣಿನ ಜೊತೆ ಟಿಪ್ಪರ್ ಹತ್ತಿತು. ಅವರಿಗೊಂದು ದಾರಿ ಹುಡುಕಿದ್ದು ತಡವಾಗಿ.

ಅದೇ ಊರಿನ ಪ್ರಾಗ್ ಮಹಲ್ ತೀರಾ ಜಖಂ ಆಗಿತ್ತು. ಅದನ್ನು ಕೆಡವಲಿಲ್ಲ, ದುರಸ್ತಿ ಮಾಡಿದರು. ಈಗ ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಬಹುದು. ಅರಮನೆಗೆ ಸಿಕ್ಕ ತಾಳ್ಮೆ ಓಣಿಯ ಮನೆಗಳಿಗೆ ಸಿಗಲಿಲ್ಲ ಅಂತ ನನಗನಿಸುತ್ತದೆ.

ಹಾಗಂತ ಕೆಡವೋದೇ ತಪ್ಪು ಅಂತಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2010ರ ಸೆಪ್ಟೆಂಬರಿನ ಭೂಕಂಪದ ನಂತರ ಸಿಟಿವಿ ಅನ್ನೋ ಕಟ್ಟಡಕ್ಕೆ ಹಸಿರು ಚೀಟಿ ಸಿಕ್ಕಿತ್ತು. 2011ರ ಫೆಬ್ರವರಿ 22ರ ಮಧ್ಯಾಹ್ನ ಮತ್ತೆ ನೆಲ ನಡುಗಿದಾಗ ಅದೊಂದೇ ಕಟ್ಟಡದಲ್ಲಿ 115 ಜನ ಸತ್ತರು. ಆ ದಿನ ಊರಲ್ಲಿ ಸತ್ತವರು ಒಟ್ಟು 185. ಆಮೇಲೆ ಯಾವ ಎಂಜಿನಿಯರ್ ಧೈರ್ಯ ಮಾಡಿ ಹಸಿರು ಚೀಟಿ ಅಂಟಿಸುತ್ತಾನೆ ಹೇಳಿ. ಪೇಟೆಯ ನಡುಭಾಗಕ್ಕೆ ಬೇಲಿ ಹಾಕಿದರು, ಅದನ್ನು ಪೂರ್ತಿ ತೆಗೆದದ್ದು 2013ರ ಜೂನ್ ಕೊನೆಗೆ. ಅಲ್ಲಿ ಕೆಡವಿದ ಕಟ್ಟಡಗಳು ಸಾವಿರಕ್ಕೂ ಹೆಚ್ಚು. ಅದರಲ್ಲಿ ರಿಪೇರಿ ಆಗಬಹುದಾಗಿದ್ದವೂ ಇದ್ದವು. ವಿಮೆಯ ದುಡ್ಡು ಕೈತುಂಬ ಬರುವಾಗ ಹಳೇ ಪಿಲ್ಲರ್‌ಗೆ ಪಟ್ಟಿ ಕಟ್ಟುತ್ತಾ ಕೂರುವವರು ಕಡಿಮೆ. ನಡುಪೇಟೆಯ ದೊಡ್ಡ ಚರ್ಚನ್ನು ಮೊದಲು ಕೆಡವುತ್ತೇವೆ ಅಂದರು, ಕೇಸಾಯಿತು, 2017ರಲ್ಲಿ ಉಳಿಸಿ ಕಟ್ಟುತ್ತೇವೆ ಅಂದರು, 2024ರಲ್ಲಿ ದುಡ್ಡು ಸಾಲದೆ ಕೆಲಸ ನಿಂತಿತು.

ಇತ್ತ ನಮ್ಮಲ್ಲಿ ಪ್ರತಿ ಮಳೆಗಾಲದ ಹೊತ್ತಿಗೆ ಶಿಥಿಲ ಕಟ್ಟಡಗಳಿಗೆ ನೋಟಿಸು ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ದರ್ಜೆಯೂ ಇಲ್ಲ. ಖಾಲಿ ಮಾಡಿ, ತೆರವು ಮಾಡಿ, ಎರಡೇ ಮಾತು. ಎರಡು ವರ್ಷದ ಹಿಂದೆ ಪರಿಚಯದವರ ಹಂಚಿನ ಮನೆಗೂ ಒಂದು ಬಂತು. ಚಿರೇಕಲ್ಲಿನ ಗೋಡೆ ಒಂದು ಮೂಲೆಯಲ್ಲಿ ಮಾತ್ರ ಬಾಯಿ ಬಿಟ್ಟಿತ್ತು. ನೋಟಿಸು ಅಂಟಿಸಿದವರು ಒಳಗೆ ಬಂದು ನೋಡಿರಲಿಲ್ಲ. ಗವಂಡಿಯೊಬ್ಬ ಬಂದು ಗೋಡೆ ತಟ್ಟಿ ನೋಡಿ, "ಮೂಲೆ ಬಿಚ್ಚಿ ಕಟ್ಟಿದ್ರೆ ಸಾಕು" ಅಂದ. ಮಾಲೀಕರು ಒಪ್ಪಲಿಲ್ಲ. ಒಳಗಿದ್ದವರು ಬಾಡಿಗೆಯವರು, ಮೂವತ್ತು ವರ್ಷದಿಂದ.

ನಮ್ಮ ಪಾರ್ಕಿಂಗ್ ಪಿಲ್ಲರ್‌ಗೆ ದೀಪಾವಳಿಗೆ ಮುಂಚೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆದರು. ತುಕ್ಕನ್ನು ಉಜ್ಜಲಿಲ್ಲ.