ಟವರ್ ಕಾಣೋ ಜಾಗಕ್ಕೆ ರೂಟರ್ ಹೋಗ್ಲಿ

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸುತ್ತಮುತ್ತ ಮನೆಗಳಿಗೆ ನೆಟ್ ಹಾಕ್ಕೊಡೋದು ನನ್ನ ಕೆಲಸ. ಫೋನ್ ಮಾಡೋರೆಲ್ಲ ಶುರು ಮಾಡೋದು ಒಂದೇ ಥರ, "ಎರಡು ಕಡ್ಡಿ ತೋರಿಸ್ತದೆ ಮಾರಾಯ್ರೆ, ಆದ್ರೆ ಏನೂ ಓಪನ್ ಆಗೂದಿಲ್ಲ." ಆಮೇಲೆ ಯಾವ ಕಂಪನಿ ಸಿಮ್ ಹಾಕ್ಲಿ, ಯಾವ ರೂಟರ್ ತಗೊಳ್ಲಿ ಅಂತ. ನಾನು ತಿರುಗಿ ಕೇಳೋದು, ನಿಮ್ಮನೆ ಗುಡ್ಡದ ಯಾವ ಬದಿಗಿದೆ, ಹಿಂದಿನ ಧರೆ (ಗುಡ್ಡ ಕಡಿದಲ್ಲಿ ನಿಂತಿರೋ ಮಣ್ಣಿನ ಗೋಡೆ) ಎಷ್ಟೆತ್ತರ ಅಂತ. ಸಿಮ್ ವಿಷಯ ಆಮೇಲೆ.

ಮೊದಲು ಆ ಕಡ್ಡಿ ನಂಬೋದು ಬಿಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸ್ಬೇಕು ಅನ್ನೋದನ್ನ ಒಂದೊಂದು ಫೋನ್ ಕಂಪನಿ ತನಗೆ ಬೇಕಾದ ಹಾಗೆ ಇಟ್ಕೊಂಡಿರುತ್ತೆ. ಸುಮಾರು ಆಂಡ್ರಾಯ್ಡ್ ಫೋನಲ್ಲಿ *#*#4636#*#* ಒತ್ತಿದ್ರೆ ಅಸಲಿ ನಂಬರ್ ಸಿಗುತ್ತೆ, ಮೈನಸ್‌ನಲ್ಲಿರುತ್ತೆ, ಡಿಬಿಎಂ ಅಂತ ಬರೆದಿರುತ್ತೆ. 4ಜಿಯಲ್ಲಿ ಮೈನಸ್ 90ರ ಒಳಗಿದ್ರೆ ಆರಾಮು, 100ರ ಆಸುಪಾಸು ಇದ್ರೆ ನಡೆಯುತ್ತೆ, 110 ದಾಟಿದ್ರೆ ಪರದಾಟ, 120 ಅಂದ್ರೆ ಫೋನು ಸುಮ್ನೆ ಬ್ಯಾಟರಿ ತಿನ್ನುತ್ತೆ ಅಷ್ಟೆ. ಇದಕ್ಕಿಂತ ನಾನು ಜಾಸ್ತಿ ನೋಡೋದು ಎಸ್‌ಐಎನ್‌ಆರ್ ಅನ್ನೋ ಇನ್ನೊಂದು ನಂಬರನ್ನ, ರೂಟರ್ ಪೇಜಲ್ಲಿ ಇರುತ್ತೆ. ಜಾತ್ರೆ ಗಲಾಟೆ ಮಧ್ಯೆ ನಿಮ್ಮೋರ ದನಿ ಎಷ್ಟು ಬಿಡಿಯಾಗಿ ಕೇಳ್ತಿದೆ ಅನ್ನೋ ಲೆಕ್ಕ ಅದು. 10ರ ಮೇಲಿದ್ರೆ ಖುಷಿ, ಸೊನ್ನೆ ಹತ್ರ ಇದ್ರೆ ಕಡ್ಡಿ ನಾಲ್ಕಿದ್ರೂ ಕೆಲಸಕ್ಕೆ ಬರಲ್ಲ.

ಇನ್ನೊಂದು ಕಂಪ್ಲೇಂಟು, ವಾಟ್ಸಾಪ್‌ನಲ್ಲಿ ಫೋಟೋ ಬರುತ್ತೆ, ಆದ್ರೆ ಕಳಿಸಿದ್ರೆ ಗಡಿಯಾರ ಸುತ್ತುತ್ತಾ ಕೂರುತ್ತೆ ಅಂತ. ಟವರ್ ಕೂಗೋದು ಹತ್ತಾರು ವಾಟ್‌ನಲ್ಲಿ, ನಿಮ್ಮ ಫೋನಿಗೆ ಇರೋ ತಾಕತ್ತು ಹೆಚ್ಚಂದ್ರೆ 200 ಮಿಲಿವಾಟ್. ಅದು ಕೂಗಿದ್ದು ನಿಮಗೆ ಕೇಳುತ್ತೆ, ನೀವು ಕೂಗಿದ್ದು ಗುಡ್ಡ ದಾಟಲ್ಲ. ಮೀಟಿಂಗಲ್ಲಿ ಕೂತಾಗ ಬೇರೆಯವರ ಮುಖ ಚೆನ್ನಾಗಿ ಕಂಡು ನಿಮ್ಮ ಮಾತು ಮಾತ್ರ ಕಡಿದು ಕಡಿದು ಹೋಗೋದು ಇದಕ್ಕೇನೆ.

ಕೊಪ್ಪ ಕಡೆ ಒಂದು ಮನೆ, ತೋಟದ ತಗ್ಗಲ್ಲಿದೆ, ಮೂರು ಕಡೆ ಅಡಿಕೆ, ಹಿಂದೆ ಧರೆ. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರು, ವಾರಕ್ಕೆ ಮೂರು ದಿನ ಊರಿಂದ ಕೆಲಸ ಮಾಡ್ತೀನಿ ಅಂತ ಬಂದವ್ನು ಅಟ್ಟದ ಕಿಟಕಿಗೆ ಫೋನನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಹಾಟ್‌ಸ್ಪಾಟ್ ಇಟ್ಕೊಂಡಿದ್ದ. ಜಗಲಿಯಲ್ಲಿ ಮೈನಸ್ 117, ಅಟ್ಟದಲ್ಲಿ 112. ಎತ್ತರಕ್ಕೆ ಹೋದ್ರೆ ಎಷ್ಟು ಸಿಗ್ಬಹುದು ಅಂತ ನೋಡೋಕೆ ಕೊನೆ ತೆಗೆಯೋ ದೋಟಿ ತುದಿಗೆ ಫೋನ್ ಕಟ್ಟಿ, ನಂಬರ್ ರೆಕಾರ್ಡ್ ಆಗೋಕೆ ಬಿಟ್ಟು, ಅಂಗಳದಲ್ಲಿ ನಿಂತು ಮೇಲೆತ್ತಿದ್ವಿ. (ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತೆ, ಲೈನ್ ಹತ್ರ ಈ ಸಾಹಸ ಖಂಡಿತ ಬೇಡ.) 40 ಅಡಿ ಎತ್ತರದಲ್ಲೂ 108, ಯಾಕಂದ್ರೆ ಎದುರಿಗೆ ಇರೋದೆಲ್ಲ ಸೋಗೆ, ನೀರು ತುಂಬಿರೋ ಹಸಿ ಎಲೆ ಸಿಗ್ನಲ್ ಕುಡಿಯುತ್ತೆ. ಆಮೇಲೆ ಫೋನ್ ಕೈಲಿ ಹಿಡ್ಕೊಂಡು ಧರೆ ಹತ್ತಿ ಬ್ಯಾಣದ (ಹುಲ್ಲು ಬೆಳೆಯೋ ಗುಡ್ಡದ ಜಾಗ) ಅಂಚಿಗೆ ಹೋದ್ರೆ ಮೈನಸ್ 94. ಅಲ್ಲಿಂದ ದೂರದ ಗುಡ್ಡದ ಮೇಲೆ ಟವರ್ ಕಡ್ಡಿ ಥರ ಕಾಣ್ತಿತ್ತು. ನಾವು ನಿಂತಿದ್ದ ಆ ಅಂಚು ಮನೆಯಿಂದ ಬರೀ 60 ಮೀಟರ್.

ಇಲ್ಲೇ ಜನ ತಪ್ಪೋದು, ನಾನೂ ತಪ್ಪಿದ್ದೆ. ಶುರುವಿನ ವರ್ಷ ಒಬ್ರ ಮನೇಲಿ ಅಡಿಕೆ ಮರದ ತುದಿಗೆ ಯಾಗಿ ಆಂಟೆನಾ (ಟವರ್ ದಿಕ್ಕಿಗೆ ತಿರುಗಿಸಿ ಇಡೋ ಥರದ್ದು) ಕಟ್ಟಿ, ಅಂಗಡಿಯವರು ಕೊಟ್ಟ ತೆಳು ಕೇಬಲ್ 25 ಮೀಟರ್ ಎಳೆದು, ರೂಟರನ್ನ ಟಿವಿ ಪಕ್ಕ ಇಟ್ಟಿದ್ದೆ. ಮೊದಲಿಗಿಂತ ಹಾಳಾಯ್ತು. ಲೆಕ್ಕ ಹಾಕಿದ್ದು ಆಮೇಲೆ: ಆಂಟೆನಾ ಹೆಚ್ಚಿಸಿ ಕೊಡೋದು ಹೆಚ್ಚಂದ್ರೆ 12 ಡಿಬಿ (ಸಿಗ್ನಲ್ ಎಷ್ಟು ಏರ್ತು, ಇಳೀತು ಅನ್ನೋ ಅಳತೆ), ಆ ತೆಳು ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಒಂದು ಮೀಟರ್‌ಗೆ ಮುಕ್ಕಾಲು ಡಿಬಿ ಮೇಲೇ ತಿನ್ನುತ್ತೆ, 25 ಮೀಟರ್ ಆದ್ರೆ 20 ಡಿಬಿ, ಅಂದ್ರೆ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತೆ. ಮರ ಗಾಳಿಗೆ ತೂಗಾಡಿ ಆಂಟೆನಾ ದಿಕ್ಕು ತಪ್ಪೋದು ಬೇರೆ. ಅವ್ರ ದುಡ್ಡು ವಾಪಸ್ ಕೊಟ್ಟೆ.

ಈಗ ಮಾಡೋದು ಉಲ್ಟಾ. ಸಿಗ್ನಲನ್ನ ಮನೆಗೆ ಎಳೆಯಲ್ಲ, ರೂಟರನ್ನೇ ಅದು ಇರೋ ಕಡೆ ಕಳಿಸ್ತೀನಿ. ಮಳೆಗೆ ಒಡ್ಡಿದ್ರೂ ಏನಾಗದ, ಆಂಟೆನಾ ಒಳಗೇ ಇರೋ ಔಟ್‌ಡೋರ್ ರೂಟರ್ ಸಿಗುತ್ತೆ, ಅದನ್ನ ಜಿಐ ಪೈಪಿಗೆ ಬಿಗಿದು ಧರೆ ಮೇಲೆ ನಿಲ್ಲಿಸಿ ಅಲ್ಲಿಂದ ಮನೆಗೆ ನೆಟ್ ಕೇಬಲ್ ಎಳೆದ್ರೆ ಆಯ್ತು. ಆ ಕೇಬಲ್ 100 ಮೀಟರ್‌ವರೆಗೆ ಏನೂ ಕಳ್ಕೊಳ್ಳಲ್ಲ, ರೂಟರಿಗೆ ಬೇಕಾದ ಕರೆಂಟೂ ಅದರಲ್ಲೇ ಹೋಗುತ್ತೆ. ಕೇಬಲನ್ನ ತೋಟಕ್ಕೆ ತಂದ ಅರ್ಧ ಇಂಚಿನ ಕಪ್ಪು ಪೈಪಲ್ಲಿ ತೂರಿಸಿ, ಇಲ್ಲಾಂದ್ರೆ ಇಲಿ ಕಡಿಯುತ್ತೆ, ಮಂಗ ಜಗ್ಗುತ್ತೆ. ಆ ಹುಡುಗನಿಗೆ ಸಂಜೆ ಹೊತ್ತಲ್ಲೂ 18 ಎಂಬಿಪಿಎಸ್ ಬಂತು, ಅಪ್‌ಲೋಡ್ 6. ಅಷ್ಟು ಸಾಕು ಅವ್ನಿಗೆ.

ಸಂಜೆ ಅಂದಿದ್ದು ಬೇಕಂತ್ಲೇ. ಬೆಳಿಗ್ಗೆ 11ಕ್ಕೆ ಸ್ಪೀಡ್ ಟೆಸ್ಟ್ ಮಾಡಿ ಸಿಮ್ ಆರಿಸ್ಬೇಡಿ, ರಾತ್ರಿ 8ಕ್ಕೆ ಮಾಡಿ, ಊರೆಲ್ಲ ಧಾರಾವಾಹಿ, ರೀಲ್ಸ್ ನೋಡೋ ಹೊತ್ತಲ್ಲಿ. 850, 900 ಮೆಗಾಹರ್ಟ್ಸ್ ಬ್ಯಾಂಡ್ (ಸಿಗ್ನಲ್ ಓಡೋ ದಾರಿ ಅನ್ನಿ) ಗೋಡೆ, ಮರ ದಾಟಿ ಮನೆಯೊಳಗೆ ಬರುತ್ತೆ, ಆದ್ರೆ ಅಲ್ಲಿ ಜಾಗ ಕಮ್ಮಿ, ಇಡೀ ಊರು ಅದರಲ್ಲೇ ತುಂಬ್ಕೊಂಡಿರುತ್ತೆ. ಎತ್ತರದಲ್ಲಿರೋ ರೂಟರಿಗೆ 1800 ಅಥವಾ 2300 ಸಿಕ್ರೆ ಅದೊಂದನ್ನೇ ಹಿಡಿಯೋ ಹಾಗೆ ಲಾಕ್ ಮಾಡಿ, ಸಿಗ್ನಲ್ ನಂಬರ್ ಸ್ವಲ್ಪ ಕೆಟ್ಟದಾಗಿ ಕಂಡ್ರೂ ಸ್ಪೀಡು ಅಲ್ಲೇ ಜಾಸ್ತಿ ಇರುತ್ತೆ. ಬಿಎಸ್‌ಎನ್‌ಎಲ್ 4ಜಿ ಟವರ್ ಹೊಸದಾಗಿ ಬಂದಿರೋ ಊರವರು ಒಂದು ನೋಡ್ಕೊಳ್ಳಿ. 2022ರಲ್ಲಿ ಸರ್ಕಾರ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ ಅಂತ ಒಪ್ಪಿಗೆ ಕೊಟ್ಟ ಯೋಜನೆಯನ್ನ ವಹಿಸಿದ್ದು ಅವರಿಗೇ, ಅವರ 4ಜಿ ಬರೋದು 700 ಮತ್ತು 2100ರಲ್ಲಿ, ಹಳೇ ರೂಟರ್ ಎಷ್ಟೋ 700 ಹಿಡಿಯೋದೇ ಇಲ್ಲ. ತಗೊಳ್ಳೋ ಮುಂಚೆ ಡಬ್ಬಿ ಮೇಲೆ ಬ್ಯಾಂಡ್ 28 (700ಕ್ಕೆ ಇರೋ ನಂಬರ್ ಅದೇ) ಇದೆಯಾ ನೋಡಿ.

ಆನ್‌ಲೈನಲ್ಲಿ ಎರಡು ಸಾವಿರಕ್ಕೆ ಸಿಗೋ ಬೂಸ್ಟರ್ ತರಬೇಡಿ. ಅನುಮತಿ ಇಲ್ಲದೆ ಹಾಕೋದು ಕಾನೂನುಬಾಹಿರ, ಅದು ಎಬ್ಬಿಸೋ ಗದ್ದಲಕ್ಕೆ ಅಕ್ಕಪಕ್ಕದವರ ಫೋನೂ ಸಾಯುತ್ತೆ. ಎರಡನೇ ಸಿಮ್ ಇಟ್ಕೊಳ್ಳೋದಾದ್ರೆ ಬೇರೆ ಕಂಪನಿ ಆದ್ರೆ ಸಾಲದು, ಬೇರೆ ಟವರೇ ಆಗಿರ್ಬೇಕು, ಎಷ್ಟೋ ಕಡೆ ಎರಡು ಕಂಪನಿಯೂ ಒಂದೇ ಕಂಬದ ಮೇಲೆ ಕೂತಿರ್ತವೆ, ಜುಲೈಯಲ್ಲಿ ಕರೆಂಟ್ ಹೋಗಿ ಅಲ್ಲಿನ ಬ್ಯಾಟರಿ ಮುಗಿದ್ರೆ ಎರಡೂ ಒಟ್ಟಿಗೇ ಢಮಾರ್. ಸಿಡಿಲಿಗೆ ಮಾತ್ರ ಸಸಾರ ಮಾಡ್ಬೇಡಿ, ಧರೆ ಮೇಲಿನ ಪೈಪಿಗೆ ಅರ್ತಿಂಗ್, ಕೇಬಲ್‌ಗೆ ಸರ್ಜ್ ಪ್ರೊಟೆಕ್ಟರ್ ಬೇಕೇ ಬೇಕು, ಆದ್ರೂ ಏಪ್ರಿಲ್-ಮೇಯಲ್ಲಿ ಗುಡುಗು ಶುರುವಾಗೋ ಮುಂಚೇನೇ ಮನೆ ತುದಿಯ ಕೇಬಲ್ ಕಿತ್ತಿಡಿ.

ಆ ಕೊಪ್ಪದ ಮನೆಯಿಂದ ಒಂದು ವರ್ಷ ಬಿಟ್ಟು ಫೋನ್ ಬಂತು, ಸ್ಪೀಡ್ ಬಿದ್ದೋಗಿದೆ ಅಂತ. ಹೋಗಿ ನೋಡಿದ್ರೆ ಬ್ಯಾಣದ ಹಲಸಿನ ಮರದ ರೆಂಬೆಯೊಂದು ಚಿಗುರಿ ರೂಟರ್ ಎದುರಿಗೇ ಬಂದು ನಿಂತಿದೆ. ಕಡಿಸಿ ರಾಯರೇ ಅಂದೆ. "ಅದು ಹಪ್ಪಳದ ಹಲಸು, ಕಡಿಯೂದಿಲ್ಲ" ಅಂದ್ರು ಯಜಮಾನ್ರು. ಪೈಪ್ ಕಿತ್ತು ನಾಲ್ಕಡಿ ಆಚೆ ಹುಗಿದ್ವಿ.