5.6.1, ಆದರೆ ನಿಜವಾಗಿ 5.4.5

2024ರ ಮಾರ್ಚ್ ಕೊನೆಯ ವಾರ. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಾಂಶ ತಜ್ಞರಿಗೆ ತಮ್ಮ ಡೆಬಿಯನ್ (ಲಿನಕ್ಸ್‌ನ ಒಂದು ರೂಪ) ಯಂತ್ರಕ್ಕೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಮೂಲಕ ಲಾಗಿನ್ ಆಗುವಾಗ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಕಣ್ಣಿಗೆ ಬಿತ್ತು. ನಾನಾಗಿದ್ದರೆ ವೈಫೈಯನ್ನು ಬೈದು ಸುಮ್ಮನಾಗುತ್ತಿದ್ದೆ. ಅವರು ಬೆನ್ನು ಹತ್ತಿದರು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಸಾಧು ಪ್ಯಾಕೇಜಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಲಾಗಿನ್ ನಿಧಾನವಾಗಿಸಿದ್ದ ಒಂದು ಹಿಂಬಾಗಿಲು, ಅಂದರೆ ಹೊರಗಿನವರು ಗುಟ್ಟಾಗಿ ಒಳನುಸುಳುವ ದಾರಿ, ಅಡಗಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಚ್ಚುಕಟ್ಟಾಗಿ ಕೆಲಸ ಮಾಡಿ ನಂಬಿಕೆ ಗಳಿಸಿದ್ದ ‘ಜಿಯಾ ಟಾನ್’ ಹೆಸರಿನ ಖಾತೆಯ ಕೈವಾಡ ಅದು.

ಸುದ್ದಿ ಹೊರಬಿದ್ದದ್ದು ಮಾರ್ಚ್ 29ರಂದು. ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಆಗ ಬೇಕಾಗಿದ್ದದ್ದು ಒಂದೇ ಉತ್ತರ: ನನ್ನಲ್ಲಿರುವುದು ಎಕ್ಸ್‌ಜೆಡ್‌ನ ಯಾವ ಆವೃತ್ತಿ?

ಆ ಪ್ರೋಗ್ರಾಮನ್ನೇ ಕೇಳಬಹುದು. ಆದರೆ ಉತ್ತರ ಹೇಳಲು ಅದು ಮೊದಲು ಚಾಲೂ ಆಗಬೇಕು, ಅನುಮಾನವಿರುವುದೋ ಅದರ ಮೇಲೆಯೇ. ಅದಕ್ಕಿಂತ ದಾಸ್ತಾನು ಪುಸ್ತಕ ತೆರೆಯುವುದು ವಾಸಿ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಆ ಪುಸ್ತಕ ‘ಸ್ಟೇಟಸ್’ ಎಂಬ ಸರಳ ಪಠ್ಯಕಡತ. ಯಾವ ಪ್ಯಾಕೇಜ್, ಯಾವ ಆವೃತ್ತಿ ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ‘ಡಿಪಿಕೆಜಿ’ ಆದೇಶಕ್ಕೆ ‘-ಎಲ್’ (ಇಂಗ್ಲಿಷಿನ ಸಣ್ಣ ಅಕ್ಷರ) ಸೇರಿಸಿದರೆ ಅದನ್ನು ಓದಿ ಪಟ್ಟಿ ಮಾಡಿ ಕೊಡುತ್ತದೆ. ಇನ್ನೊಂದು ಲಿನಕ್ಸ್ ಆದ ಫೆಡೋರಾದಲ್ಲಿ ಈ ಕೆಲಸ ‘ಆರ್‌ಪಿಎಂ’ನದು. ಪಟ್ಟಿಯ ಸಾಲಿನ ಆರಂಭದಲ್ಲಿರುವ ಎರಡು ಅಕ್ಷರಗಳನ್ನು ಬಿಟ್ಟು ಓದಬಾರದು. ‘ಐಐ’ ಎಂದಿದ್ದರೆ ಪ್ಯಾಕೇಜ್ ಇದೆ. ‘ಆರ್‌ಸಿ’ ಎಂದಿದ್ದರೆ ಅದನ್ನು ತೆಗೆದಾಗಿದೆ, ಅದರ ಸಂರಚನಾ ಕಡತಗಳಷ್ಟೇ ಉಳಿದಿವೆ.

ಡೆಬಿಯನ್ ಕೂಡಲೇ ಹಳೆಯ 5.4.5ಕ್ಕೆ ಹಿಂದಿರುಗಿತು. ಆದರೆ ಅಪ್‌ಡೇಟ್ ವ್ಯವಸ್ಥೆಗೆ ಮೆಟ್ಟಿಲು ಹತ್ತುವುದು ಗೊತ್ತೇ ಹೊರತು ತಾನಾಗಿ ಇಳಿಯುವುದು ಗೊತ್ತಿಲ್ಲ: ಸಂಖ್ಯೆ ದೊಡ್ಡದಾದರೆ ಮಾತ್ರ ಅದಕ್ಕೆ ಹೊಸದು. ಹಾಗಾಗಿ ಹಳೆಯ ಸರಕಿಗೆ ಹೊಸ ಚೀಟಿ ಅಂಟಿಸಿದರು: ‘5.6.1+ರಿಯಲಿ5.4.5-1’. ನಿಜವಾಗಿ 5.4.5 ಎಂದು ಚೀಟಿಯೇ ಹೇಳಿಕೊಳ್ಳುತ್ತದೆ. ತಂತ್ರಾಂಶ ಲೋಕದಲ್ಲಿ ಇಷ್ಟು ಪ್ರಾಮಾಣಿಕ ಸುಳ್ಳನ್ನು ನಾನು ಬೇರೆ ಕಂಡಿಲ್ಲ. ಮೊದಲ ಮೂರು ಅಂಕಿಗಳನ್ನಷ್ಟೇ ಓದುವವನಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಈ ಸಂಖ್ಯೆಗಳನ್ನು ದಶಮಾಂಶದಂತೆ ಓದುವುದೂ ತಪ್ಪು. ಚುಕ್ಕಿಗಳ ನಡುವಿನ ಅಂಕಿಗಳನ್ನು ಬಿಡಿಬಿಡಿಯಾಗಿ ಹೋಲಿಸುವುದರಿಂದ 5.9ಕ್ಕಿಂತ 5.10 ದೊಡ್ಡದು.

ಹಳೆಯದಾಗಿ ಕಂಡದ್ದೆಲ್ಲ ಅಪಾಯಕಾರಿಯೂ ಅಲ್ಲ. 2024ರ ಜುಲೈನಲ್ಲಿ ಎಸ್‌ಎಸ್‌ಎಚ್ ಒದಗಿಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ಬೇರೊಂದು ದೋಷ ಬಯಲಾಯಿತು; ಮೂಲ ತಂಡ ಅದನ್ನು ಸರಿಪಡಿಸಿದ್ದು 9.8ರಲ್ಲಿ. ಡೆಬಿಯನ್ 12 ಮಾತ್ರ 9.2ರಲ್ಲಿಯೇ ಉಳಿದು, ಆ ತಿದ್ದುಪಡಿಯೊಂದನ್ನೇ ಹಳೆಯ ಕೋಡಿಗೆ ಹೊಲಿಯಿತು. ಗುರುತು ಇರುವುದು ಬಾಲದಲ್ಲಿ: ‘ಡೆಬ್12ಯು3’. ಬಾಲ ಕತ್ತರಿಸಿ ವರದಿ ಕೊಡುವ ತಪಾಸಣಾ ತಂತ್ರಾಂಶಗಳು ಇಂಥಲ್ಲಿ ಸುಮ್ಮನೆ ಕೂಗೆಬ್ಬಿಸುತ್ತವೆ.

ಇನ್ನು, ಪುಸ್ತಕಕ್ಕೆ ಗೊತ್ತಿರುವುದು ಡಿಸ್ಕ್‌ನಲ್ಲಿ ಏನಿದೆ ಎಂಬುದಷ್ಟೇ. ತಿಂಗಳ ಹಿಂದೆ ಶುರುವಾದ ಸರ್ವರ್ ಪ್ರೋಗ್ರಾಂ ಹಳೆಯ ಲೈಬ್ರರಿಯನ್ನು (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಮೆಮೊರಿಯಲ್ಲಿ ಹಿಡಿದುಕೊಂಡೇ ಇರುತ್ತದೆ, ನೀವು ಇಂದು ಬೆಳಗ್ಗೆ ಅಪ್‌ಡೇಟ್ ಮಾಡಿದ್ದರೂ. ‘ಪ್ರಾಕ್’ ಫೋಲ್ಡರಿನಲ್ಲಿ ಆ ಪ್ರೋಗ್ರಾಮಿನ ‘ಮ್ಯಾಪ್ಸ್’ ಕಡತ ತೆರೆದರೆ, ಲೈಬ್ರರಿಯ ಹೆಸರಿನ ಮುಂದೆ ಆವರಣದೊಳಗೆ ‘ಡಿಲೀಟೆಡ್’ ಎಂದು ಕಾಣುತ್ತದೆ. ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ ಮೇಲೆಯೇ ಆ ಸಾಲು ಹೋಗುವುದು.