ಎಡಿಟರ್‌ನಲ್ಲಿ ಒಂದು ಬಣ್ಣ, ಹೊರಗೆ ಇನ್ನೊಂದು

ಫೋಟೋ ಎಡಿಟಿಂಗ್ ಮಾಡುವವರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದು. ಫೋಟೋಶಾಪ್‌ನಲ್ಲಿ ಬಣ್ಣ ಒಂದು ಥರ ಕಾಣುತ್ತದೆ. ಸೇವ್ ಮಾಡಿ ಬೇರೆ ಕಡೆ ತೆರೆದರೆ ಇನ್ನೊಂದು ಥರ. ನನ್ನ ಹತ್ತಿರ ಬರುವ ಹೊತ್ತಿಗೆ ಅವರು ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿರುತ್ತಾರೆ, ಪ್ರಿಫರೆನ್ಸಸ್ ರೀಸೆಟ್ ಮಾಡಿರುತ್ತಾರೆ, ಕೆಲವರು ಹಳೆಯ ವರ್ಷನ್‌ಗೂ ಹೋಗಿ ನೋಡಿರುತ್ತಾರೆ. ತೊಂದರೆ ಮಾತ್ರ ಹಾಗೇ ಇರುತ್ತದೆ.

ಅದು ಹೋಗದಿರುವುದಕ್ಕೆ ಕಾರಣ ಸರಳ. ಬಹುತೇಕ ಸಲ ದೋಷ ಸಾಫ್ಟ್‌ವೇರ್ ಒಳಗೆ ಇರುವುದೇ ಇಲ್ಲ. ಒಂದೋ ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡಿರುವ ಮಾನಿಟರ್ ಪ್ರೊಫೈಲ್‌ನಲ್ಲಿರುತ್ತದೆ, ಇಲ್ಲವೇ ಫೋಟೋ ಫೈಲ್‌ನ ಪ್ರೊಫೈಲ್‌ನಲ್ಲಿರುತ್ತದೆ. ಪ್ರೊಫೈಲ್ ಅಂದರೆ ಬಣ್ಣದ ಅಂಕಿಗಳು ನಿಜವಾಗಿ ಯಾವ ಬಣ್ಣ ಅಂತ ಹೇಳುವ ವಿವರ. ಸಾಫ್ಟ್‌ವೇರ್ ಎಷ್ಟು ಸಲ ಕಿತ್ತು ಹಾಕಿದರೂ ಈ ಎರಡನ್ನೂ ಅದು ಮುಟ್ಟುವುದಿಲ್ಲ. ಹಾಗಾಗಿ ಮೊದಲು ದೋಷ ಈ ಎರಡರಲ್ಲಿ ಯಾವ ಕಡೆ ಇದೆ ಅಂತ ಪತ್ತೆ ಮಾಡಿ. ಅಲ್ಲಿಯವರೆಗೆ ಒಂದೂ ಸೆಟ್ಟಿಂಗ್ ಬದಲಿಸಬೇಡಿ.

ಪತ್ತೆ ಮಾಡಲು ಫೋಟೋನೂ ಬೇಡ. ಫೋಟೋಶಾಪ್‌ನಲ್ಲಿ ಹೊಸ ಡಾಕ್ಯುಮೆಂಟ್ ತೆರೆದು ಶುದ್ಧ ಬಿಳಿ ತುಂಬಿ. ಕೆಂಪು, ಹಸಿರು, ನೀಲಿ ಮೂರೂ 255 ಇರಲಿ. ಪಕ್ಕದಲ್ಲೇ ಖಾಲಿ ನೋಟ್‌ಪ್ಯಾಡ್ ತೆರೆದಿಡಿ. ಎರಡೂ ಬಿಳಿ ಒಂದೇ ಥರ ಇರಬೇಕು. ಫೋಟೋಶಾಪ್‌ನ ಬಿಳಿ ಮಾತ್ರ ಹಳದಿಗೆ ತಿರುಗಿದ್ದರೆ ಮಾನಿಟರ್ ಪ್ರೊಫೈಲ್ ಕೆಟ್ಟಿದೆ. ಫೋಟೋಶಾಪ್ ಆ ಪ್ರೊಫೈಲನ್ನು ಓದಿ ಅದರ ಪ್ರಕಾರ ಬಣ್ಣ ತಿದ್ದಿ ತೋರಿಸುತ್ತದೆ. ನೋಟ್‌ಪ್ಯಾಡ್ ಅದನ್ನು ನೋಡುವುದೇ ಇಲ್ಲ, ಅದಕ್ಕೇ ಅಲ್ಲಿ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಎರಡೂ ಹಳದಿಯಾಗಿದ್ದರೆ ರಾತ್ರಿ ಹೊತ್ತು ಪರದೆಯ ನೀಲಿ ಇಳಿಸುವ ನೈಟ್ ಲೈಟ್ ಆನ್ ಆಗಿರಬಹುದು, ಅಥವಾ ಮಾನಿಟರ್‌ನ ಸ್ವಂತ ಬಟನ್‌ಗಳಲ್ಲಿ ಬಣ್ಣ ಬದಲಾಗಿರಬಹುದು. ಎರಡೂ ಸರಿಯಾಗಿದ್ದು ಫೋಟೋ ಮಾತ್ರ ಹೊರಗೆ ಪೇಲವವಾಗಿ ಕಂಡರೆ ಫೈಲ್ ಕಡೆ ಹುಡುಕಬೇಕು.

ಮಾನಿಟರ್ ಪ್ರೊಫೈಲ್ ಕೆಟ್ಟಿದ್ದರೆ ವಿಂಡೋಸ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಅಂತ ಹುಡುಕಿ ತೆರೆಯಿರಿ. ಡಿವೈಸಸ್ ಟ್ಯಾಬ್‌ನಲ್ಲಿ ನಿಮ್ಮ ಮಾನಿಟರ್ ಆರಿಸಿ. ಎರಡು ಮಾನಿಟರ್ ಇದ್ದರೆ ಇಲ್ಲೇ ಜನ ತಪ್ಪುವುದು, ಯಾವುದು ಯಾವುದು ಅಂತ ನೋಡಿಕೊಳ್ಳಿ. ‘ಯೂಸ್ ಮೈ ಸೆಟ್ಟಿಂಗ್ಸ್ ಫಾರ್ ದಿಸ್ ಡಿವೈಸ್’ ಮೇಲೆ ಟಿಕ್ ಹಾಕಿ, ಪರದೆ ಮತ್ತು ವೆಬ್‌ಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಐಇಸಿ61966-2.1 ಪ್ರೊಫೈಲನ್ನು ಸೇರಿಸಿ, ಅದನ್ನೇ ಡೀಫಾಲ್ಟ್ ಮಾಡಿ. ಫೋಟೋಶಾಪ್ ಮುಚ್ಚಿ ಮತ್ತೆ ತೆರೆಯಿರಿ. ಬಿಳಿ ಈಗ ಬಿಳಿಯಾಗಿ ಕಂಡರೆ ದೋಷ ಸಿಕ್ಕಿತು. ಮ್ಯಾಕ್‌ನಲ್ಲಾದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೇ ಕಲರ್ ಪ್ರೊಫೈಲ್ ಬದಲಿಸಬಹುದು.

ಇದು ತಾತ್ಕಾಲಿಕ ಮದ್ದು ಅನ್ನುವುದು ನೆನಪಿರಲಿ. ಎಸ್‌ಆರ್‌ಜಿಬಿ ಪ್ರೊಫೈಲ್ ನಿಮ್ಮ ಮಾನಿಟರ್‌ನ ನಿಜವಾದ ಅಳತೆ ಅಲ್ಲ. ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ತೋರಿಸಬಲ್ಲ ವೈಡ್ ಗ್ಯಾಮಟ್ ಮಾನಿಟರ್ ಆದರೆ ಬಣ್ಣ ಜಾಸ್ತಿ ಕಡುವಾಗಿ ಕಾಣುತ್ತದೆ. ಬಣ್ಣದ ಕೆಲಸದಿಂದಲೇ ಹೊಟ್ಟೆಪಾಡು ನಡೆಯುವವರು ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆಯುವ ಸಾಧನ) ಇಟ್ಟು ಮಾನಿಟರ್ ಅಳೆಯಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಗ ಇಡಬೇಕಾದ ಗುರಿ ಹೀಗೆ: ವೈಟ್ ಪಾಯಿಂಟ್ (ಬಿಳಿಯ ಛಾಯೆ) ಡಿ65, ಗಾಮಾ (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ) 2.2, ಬ್ರೈಟ್‌ನೆಸ್ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ. ‘ಪ್ರಿಂಟ್ ಕಪ್ಪಗೆ ಬರುತ್ತೆ’ ಅನ್ನುವ ದೂರು ಎಷ್ಟೋ ಸಲ ಈ ಬ್ರೈಟ್‌ನೆಸ್ ಇಳಿಸಿದರೇ ಮುಗಿಯುತ್ತದೆ.

ಇನ್ನು ಫೈಲ್ ಕಡೆಯ ತೊಂದರೆ. ಇದು ಸ್ವಲ್ಪ ತಲೆ ತಿನ್ನುತ್ತದೆ, ಆದರೆ ಒಂದು ಬಣ್ಣ ಹಿಡಿದು ನೋಡಿದರೆ ಅರ್ಥವಾಗುತ್ತದೆ. ಎಸ್‌ಆರ್‌ಜಿಬಿಯಲ್ಲಿ ಪೂರ್ತಿ ಕೆಂಪು ಅಂದರೆ 255, 0, 0. ಅದೇ ಕೆಂಪನ್ನು ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ 219, 0, 0 ಆಗುತ್ತದೆ. ಬಣ್ಣ ಒಂದೇ, ಅಂಕಿ ಬೇರೆ. ಯಾವ ಲೆಕ್ಕದ ಅಂಕಿ ಅಂತ ಹೇಳುವುದು ಫೈಲ್ ಜೊತೆ ಇರುವ ಪ್ರೊಫೈಲ್. ಅದಿಲ್ಲದ ಫೈಲ್ ಅಂದರೆ ಅಳತೆ 10 ಅಂತ ಬರೆದು, ಇಂಚೋ ಸೆಂಟಿಮೀಟರೋ ಹೇಳದೆ ಬಿಟ್ಟ ಹಾಗೆ. ಪ್ರೊಫೈಲ್ ಓದದ ಆ್ಯಪ್ ಆ 219ನ್ನು ಎಸ್‌ಆರ್‌ಜಿಬಿ ಅಂತಲೇ ತಿಳಿದು ತೋರಿಸುತ್ತದೆ. ಕೆಂಪು ಮಂಕಾಗುತ್ತದೆ. ಮುಖದ ಬಣ್ಣದಲ್ಲಿ ಈ ಮಂಕು ಎದ್ದು ಕಾಣುತ್ತದೆ, ಯಾಕೆಂದರೆ ಚರ್ಮದ ಜೀವಕಳೆ ಇರುವುದೇ ಕೆಂಪಿನಲ್ಲಿ.

ಇದನ್ನು ನೋಡಿ ಎಷ್ಟೋ ಜನ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿ ಮತ್ತೆ ಸೇವ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೊಫೈಲ್ ಓದುವ ಕಡೆ ಅದೇ ಫೋಟೋ ಕಣ್ಣಿಗೆ ಹೊಡೆಯುವಷ್ಟು ಕೆಂಪಾಗುತ್ತದೆ.

ಮಾಡಬೇಕಾದ್ದು ಇಷ್ಟು. ಫೋಟೋಶಾಪ್‌ನ ಎಡಿಟ್ ಮೆನುವಿನಲ್ಲಿ ‘ಕನ್ವರ್ಟ್ ಟು ಪ್ರೊಫೈಲ್’ ತೆರೆದು ಎಸ್‌ಆರ್‌ಜಿಬಿ ಆರಿಸಿ. ಅದರ ಜೊತೆಗೇ ಇರುವ ‘ಅಸೈನ್ ಪ್ರೊಫೈಲ್’ ಮುಟ್ಟಬೇಡಿ. ಕನ್ವರ್ಟ್ ಮಾಡಿದರೆ ಅಂಕಿ ಬದಲಾಗುತ್ತದೆ, ಕಾಣುವ ಬಣ್ಣ ಆದಷ್ಟೂ ಹಾಗೇ ಉಳಿಯುತ್ತದೆ. ಅಸೈನ್ ಮಾಡಿದರೆ ಅಂಕಿ ಹಾಗೇ ಇರುತ್ತದೆ, ಬಣ್ಣವೇ ಬದಲಾಗುತ್ತದೆ. ಎಕ್ಸ್‌ಪೋರ್ಟ್ ಆ್ಯಸ್ ಬಳಸುವವರಾದರೆ ಅಲ್ಲೇ ಎಸ್‌ಆರ್‌ಜಿಬಿಗೆ ಬದಲಿಸುವ ಮತ್ತು ಪ್ರೊಫೈಲ್ ಸೇರಿಸುವ ಎರಡು ಟಿಕ್ ಇವೆ, ಎರಡೂ ಇರಲಿ. ಅಡೋಬಿಯದೇ ಇನ್ನೊಂದು ಫೋಟೋ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಇದೆಯಾ ಅಂತ ಒಮ್ಮೆ ನೋಡಿ. ಅಡೋಬಿ ಆರ್‌ಜಿಬಿಗಿಂತಲೂ ಅಗಲವಾದ ಪ್ರೊಫೋಟೋ ಆರ್‌ಜಿಬಿ ಅಂತ ಇದ್ದರೆ ಹೊರಗೆ ಇನ್ನೂ ಜಾಸ್ತಿ ಮಂಕು. ಅಡೋಬಿ ಆರ್‌ಜಿಬಿಯ ಮೂಲ ಫೈಲನ್ನು ಹಾಗೇ ಇಟ್ಟುಕೊಂಡು, ಕಳಿಸುವ ಪ್ರತಿಯನ್ನು ಮಾತ್ರ ಬದಲಿಸಿ. ಕಳೆದುಕೊಂಡ ಬಣ್ಣ ಆಮೇಲೆ ವಾಪಸ್ ಬರುವುದಿಲ್ಲ.

ಮಾನಿಟರ್ ಪ್ರೊಫೈಲ್ ಸರಿ ಮಾಡಿದವರಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಪರದೆ ಹಳದಿ ತೋರಿಸುತ್ತಿದ್ದಾಗ ನೀವು ಅದನ್ನು ಸರಿದೂಗಿಸಲು ಫೋಟೋಗಳಿಗೆ ನೀಲಿ ಸೇರಿಸಿರುತ್ತೀರಿ. ಈಗ ಅವೆಲ್ಲ ನೀಲಿಯಾಗಿ ಕಾಣುತ್ತವೆ. ಆಗ ಹೊಸ ಪ್ರೊಫೈಲ್ ಮೇಲೆ ಅನುಮಾನಪಟ್ಟು ಹಳೆಯದಕ್ಕೆ ಮರಳಬೇಡಿ. ರಾ ಫೈಲ್ (ಕ್ಯಾಮೆರಾ ಸೆನ್ಸರ್‌ನ ಮೂಲ ಫೈಲ್) ಇದ್ದರೆ ಒಂದೇ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಒಂದಕ್ಕೆ ವೈಟ್ ಬ್ಯಾಲೆನ್ಸ್ (ಹಳದಿ-ನೀಲಿ ಸಮತೋಲನ) ತಿದ್ದಿ, ಲೈಟ್‌ರೂಮ್‌ನ ಸಿಂಕ್ ಬಳಸಿ ಅದನ್ನಷ್ಟೇ ಉಳಿದವಕ್ಕೂ ಹಾಕಿ. ಉಳಿದ ಎಡಿಟ್‌ಗಳು ಹಾಗೇ ಉಳಿಯುತ್ತವೆ. ಜೆಪೆಗ್ ಮಾತ್ರ ಉಳಿದಿದ್ದರೂ ಸಿಂಕ್ ಬಳಸಬಹುದು, ಆದರೆ ರಾ ಫೈಲ್‌ನಷ್ಟು ಚೆನ್ನಾಗಿ ತಿದ್ದಲು ಆಗುವುದಿಲ್ಲ.